ಹೊರಟವರು ಬಿಟ್ಟುಹೋದ ಕ್ರೋಶಾ ಪ್ಯಾಟರ್ನುಗಳು

ದೋಹಾದ ಅಲ್ ಮುಂತಜಾದಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ಮಂಚದ ಅಡಿ ಎಂಬುದು ಒಂದು ಪ್ರತ್ಯೇಕ ಆಡಳಿತ ಪ್ರದೇಶ. ಅಲ್ಲಿ ನನ್ನ ಅಧಿಕಾರ ನಡೆಯುತ್ತಿರಲಿಲ್ಲ. ಬಿದ್ದ ಚಪ್ಪಲಿಯನ್ನು ಎಳೆದುಕೊಳ್ಳುವುದಕ್ಕೂ ಹೆಂಡತಿಯ ಅನುಮತಿ ಬೇಕಿತ್ತು. ಜಿಪ್ಪು ಕೆಟ್ಟ ಎರಡು ಸೂಟ್‌ಕೇಸು, ಹಾಲಿನ ಪುಡಿಯ ಡಬ್ಬಗಳು, ಊರಿಗೆ ಒಯ್ಯಲೆಂದು ತಂದು ಇಲ್ಲಿಯೇ ಖಾಲಿಯಾದ ಬಿಸ್ಕತ್ತಿನ ತಗಡಿನ ಪೆಟ್ಟಿಗೆಗಳು, ಎಲ್ಲದರ ತುಂಬ ಕ್ರೋಶಾ ಮತ್ತು ಹೆಣಿಗೆಯ ಪ್ಯಾಟರ್ನುಗಳು. ಪತ್ರಿಕೆಯಿಂದ ಕತ್ತರಿಸಿದ ಹಾಳೆ, ಮಾಸಿದ ಜೆರಾಕ್ಸ್, ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿದ್ದು, ಎಲ್ಲವೂ ಇದ್ದವು. ಪ್ರತಿ ಕಾಗದಕ್ಕೂ ಸೇಫ್ಟಿ ಪಿನ್ನಿನಿಂದ ಚುಚ್ಚಿದ ಅಂಗೈಯಗಲದ ಒಂದು ಹೆಣೆದ ತುಂಡು. ಆ ಕಾಗದದಲ್ಲಿ ಬರೆದದ್ದನ್ನು ನೂಲಿನಲ್ಲಿ ಮಾಡಿ ತೋರಿಸಿದ ಮಾದರಿ ಅದು. ಹೆಂಗಸರು ಅದನ್ನು ತುಂಡು ಎಂದೇ ಕರೆಯುತ್ತಿದ್ದರು.

ಇದಕ್ಕೊಂದು ಕ್ರಮವಿತ್ತು. ವಾರದ ರಜೆ ಶುಕ್ರವಾರವಾದ್ದರಿಂದ ಇಲ್ಲಿ ನಮ್ಮಂಥ ಕ್ರೈಸ್ತರ ಭಾನುವಾರವೂ ಶುಕ್ರವಾರವೇ ಬರುತ್ತದೆ. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಉಡುಪಿ, ಮಂಗಳೂರು ಕಡೆಯ ಕೆಲವು ಹೆಂಗಸರು ಯಾರದಾದರೂ ಮನೆಯಲ್ಲಿ ಕಡ್ಡಿ ನೂಲು ಹಿಡಿದು ಕೂರುತ್ತಿದ್ದರು. ಅವರಲ್ಲಿ ಒಬ್ಬಳು ಊರಿಗೆ ಹೊರಟಳೆಂದರೆ, ರಜೆಗಲ್ಲ, ಗಂಡನ ಕೆಲಸ ಖಲಾಸ್ ಆಗಿ ಶಾಶ್ವತವಾಗಿ ಹೊರಟಳೆಂದರೆ, ತನ್ನ ಪ್ಯಾಟರ್ನುಗಳನ್ನು ಇಲ್ಲಿ ಉಳಿಯುವವರಿಗೆ ಬಿಟ್ಟುಹೋಗಬೇಕು. ಒಂದೊಂದಕ್ಕೂ ತನ್ನ ಕೈಯಾರೆ ಒಂದು ತುಂಡು ಮಾಡಿಡಬೇಕು. ತೆಗೆದುಕೊಳ್ಳುವವಳೂ ಸುಮ್ಮನೆ ಕೈಚಾಚುವ ಹಾಗಿಲ್ಲ. ಕೊಡುವವಳ ಎದುರು ಕೂತು ಅದನ್ನು ಹೆಣೆದು ತೋರಿಸಬೇಕು. ಸರಿ ಬಂದರೆ ಮಾತ್ರ ಕಾಗದ. ಎಷ್ಟೋ ಸರ್ಕಾರಿ ಹುದ್ದೆಗಳಿಗೆ ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇದ್ದದ್ದು ನಾನು ಕಾಣೆ.

ತೆಗೆದುಕೊಂಡವರೂ ಮುಂದೊಂದು ದಿನ ಹೊರಟರು. ಅವರ ಕಾಗದ ಇನ್ನೊಬ್ಬರಿಗೆ ಬಂತು, ಆ ಇನ್ನೊಬ್ಬರೂ ಹೊರಟರು. ಹೊರಡದೆ ಉಳಿದವರು ನಾವು. ಹಾಗಾಗಿ ದೋಹಾದಿಂದ ಊರು ಸೇರಿದ ಅದೆಷ್ಟೋ ಹೆಂಗಸರ ಕೈಗೆಲಸ ಒಂದೊಂದಾಗಿ ನಮ್ಮ ಮಂಚದ ಅಡಿಗೆ ಬಂದು ನಿಂತಿತು. ನಾನು ಅದರ ಮೇಲೆ ಮಲಗುತ್ತಿದ್ದೆ.

ನನ್ನ ಕೆಲಸವನ್ನೂ ಹೇಳಿಬಿಡಬೇಕು. ಮೆಸಯೀದಿನ ಕಾರ್ಖಾನೆಯೊಂದರಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಪ್ರತಿ ಕೊಳವೆಗೂ ಒಂದು ನಕ್ಷೆ, ಪ್ರತಿ ನಕ್ಷೆಗೂ ಒಂದು ನಂಬರು, ಎಲ್ಲ ನಂಬರುಗಳ ಹಿಂದೆ ನಾನು. ನಕ್ಷೆ ಕಳೆದುಹೋದರೆ ಕೊಳವೆಯೇ ಕಳೆದುಹೋದ ಹಾಗೆ ಎಂದು ಹೊಸಬರಿಗೆ ಗಂಭೀರವಾಗಿ ಹೇಳುತ್ತಿದ್ದೆ. ಅವರು ಅಷ್ಟೇ ಗಂಭೀರವಾಗಿ ನಗು ತಡೆದುಕೊಳ್ಳುತ್ತಿದ್ದರು.

ವರ್ಷದ ಕೊನೆಗೆ ನಿವೃತ್ತಿ ಎಂಬ ಪತ್ರ ಕೈಗೆ ಬಂದ ದಿನ ನಾನು ಕಾರ್ಗೋದ ಮಾತೆತ್ತಿದೆ. ಏನೇನು ಊರಿಗೆ, ಏನೇನು ಇಲ್ಲಿ ಎಂದು ಒಂದು ನಿರ್ಣಯ ಆಗಬೇಕಿತ್ತು. ಮನೆಯಲ್ಲಿ ನಮ್ಮದು ಕೊಂಕಣಿ, ಓದುವವರ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ.

"ಮಂಚದ ಅಡಿಯದ್ದು ಹೋಗುವುದಿಲ್ಲ" ಎಂದಳು ಹೆಂಡತಿ.

"ಹಾಗಾದರೆ ಬಿಸಾಡುವುದಾ?"

"ನಿಮ್ಮನ್ನು ಬಿಸಾಡ್ತೇನೆ ಬೇಕಾದರೆ. ಅದು ನನ್ನದಲ್ಲ ಮಾರಾಯ್ರೆ. ಇಲ್ಲಿ ಇರುವವರಿಗೆ ಅಂತ ಬಿಟ್ಟುಹೋದದ್ದು. ನಾನು ಅದನ್ನು ಕಟ್ಟಿಕೊಂಡು ಊರಿಗೆ ಹೋದರೆ ಅವರಿಗೆ ಎಂತ ಮುಖ ತೋರಿಸಲಿ?"

"ಈಗಿನ ಹುಡುಗಿಯರು ಫೋನ್ ನೋಡಿ ಕಲಿಯುತ್ತಾರೆ. ಈ ಕಾಗದ ಯಾರಿಗೆ ಬೇಕು?"

ಅವಳು ಹೊರಗೆ ಇಣುಕುತ್ತಿದ್ದ ಡಬ್ಬವೊಂದನ್ನು ಮಂಚದ ಅಡಿಗೆ ತಳ್ಳಿದಳು. ಅವಳಿಗೆ ರಾತ್ರಿ ನಿದ್ದೆ ಬರದಂತೆ ಮಾಡಿದ್ದು ಅದೇ ಪ್ರಶ್ನೆ ಎಂಬುದು ನನಗೆ ಆಮೇಲೆ ತಿಳಿಯಿತು. ಅದರಲ್ಲೂ ಒಂದು ಪ್ಯಾಟರ್ನು ಅವಳ ಮನಸ್ಸಿಗೆ ಭಾರವಾಗಿತ್ತು. ಅವಳನ್ನು ದೋಹಾದಲ್ಲಿ ಮೊದಲು ಮಾತಾಡಿಸಿದ ನರ್ಸೊಬ್ಬಳದ್ದು. ಬಟ್ಟೆಯ ಅಂಚಿಗೆ ಹಾಕುವ ಮೊಗ್ಗಿನ ಲೇಸು, ಯಾವ ಪುಸ್ತಕದಲ್ಲೂ ಇಲ್ಲದ್ದು, ನೈಟ್ ಡ್ಯೂಟಿಯ ಬಿಡುವಿನಲ್ಲಿ ಅವಳೇ ಹುಟ್ಟಿಸಿದ್ದು. ಹೊರಡುವ ದಿನ ಲಿಫ್ಟಿನ ಬಾಗಿಲಲ್ಲಿ ನಿಂತು, "ಕಲಿಯುವವರು ಯಾರಾದರೂ ಬಂದರೆ ಕೊಡು. ಬರದಿದ್ದರೆ ನೀನೇ ಇಟ್ಟುಕೊಂಡು ಸಾಯಿ" ಎಂದು ನಗಾಡಿ ಹೋಗಿದ್ದಳು. ಊರಿಗೆ ಹೋದವಳು ಎರಡನೆಯ ಮಳೆಗಾಲ ನೋಡಲಿಲ್ಲ.

ಹಸ್ತಾಂತರಕ್ಕೆ ಮೊದಲು ವರ್ಗೀಕರಣ ಆಗಬೇಕೆಂದು ನಾನು ಠರಾವು ಮಂಡಿಸಿದೆ. ಆಶ್ಚರ್ಯವೆಂದರೆ ಅವಳು ಒಪ್ಪಿದಳು. ಬಾಕ್ಸ್ ಫೈಲುಗಳು ಬಂದವು, ಪ್ಲಾಸ್ಟಿಕ್ ಕವರುಗಳು ಬಂದವು. ಟೋಪಿ ಒಂದು ಕಡೆ, ಶಾಲು ಒಂದು ಕಡೆ, ಮಗುವಿನ ಸ್ವೆಟರ್ ಬೇರೆ, ಮೇಜಿನ ಹಾಸು ಬೇರೆ, ಅಂಚಿನ ಲೇಸಿಗೆ ಸ್ವತಂತ್ರ ವಿಭಾಗ. ಪ್ರತಿ ಕಾಗದದ ಬಲ ಮೇಲ್ಮೂಲೆಯಲ್ಲಿ ನಂಬರು. ಆದರೆ ತುಂಡುಗಳ ದಪ್ಪಕ್ಕೆ ಫೈಲಿನ ಬಾಯಿ ಮುಚ್ಚಲಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ. ದಪ್ಪ ಲಗತ್ತುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಅದೇ ನಂಬರು ಅಂಟಿಸುವುದು.

"ಕಾಗದದ ಹತ್ತಿರವೇ ತುಂಡು ಇರಬೇಕು" ಎಂದಳು ಅವಳು.

"ನಂಬರು ಉಂಟಲ್ಲ. ನಂಬರು ಇದ್ದರೆ ಹತ್ತಿರ ಇದ್ದ ಹಾಗೆಯೇ."

ಪಿನ್ನು ಬಿಚ್ಚಿದೆವು. ತುಂಡುಗಳಿಗೆಲ್ಲ ಆಫೀಸಿನಲ್ಲಿ ಬಳಸುವಂಥ ಒಳ್ಳೆಯ ಸ್ಟಿಕ್ಕರು ಅಂಟಿಸಿ, ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ತುಂಬಿ ಕಪಾಟಿನ ತಲೆಯ ಮೇಲೇರಿಸಿದೆವು. ಅನಂತರ ಎಲ್ಲರ ಹಾಗೆ ನಾವೂ ಬೇಸಿಗೆ ರಜೆಗೆ ಊರಿಗೆ ಹೋದೆವು. ಹೋಗುವಾಗ ಎಲ್ಲರ ಹಾಗೆ ಏಸಿ ಆರಿಸಿ, ಕಿಟಕಿ ಬಿಗಿಮಾಡಿದೆವು.

ಬೇಸಿಗೆಯಿಡೀ ಮುಚ್ಚಿದ ಮನೆಯಲ್ಲಿ ಇಲ್ಲಿನ ಸೆಕೆ ಏನು ಮಾಡುತ್ತದೆಂದು ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಮೇಣದ ಬತ್ತಿ ತಲೆಬಾಗುತ್ತದೆ, ಚಪ್ಪಲಿಯ ಅಟ್ಟೆ ಕಳಚುತ್ತದೆ. ತಿರುಗಿ ಬಂದು ಪೆಟ್ಟಿಗೆ ಇಳಿಸಿ ನೋಡಿದರೆ, ತುಂಡುಗಳೆಲ್ಲ ಮೇಲೆ, ಗೋಂದು ಕರಗಿದ ಸ್ಟಿಕ್ಕರುಗಳೆಲ್ಲ ತಳದಲ್ಲಿ. ಒಂದೇ ಒಂದು ನಂಬರೂ ತನ್ನ ಸ್ಥಾನದಲ್ಲಿ ಇರಲಿಲ್ಲ.

ಹೆಂಡತಿ ಪೆಟ್ಟಿಗೆಯೊಳಗೆ ಕೈಯಾಡಿಸಿದಳು. ಒಂದು ಸ್ಟಿಕ್ಕರು ಅವಳ ಬೆರಳಿಗೆ ಅಂಟಿತು. ಅದನ್ನು ತೆಗೆದು ನನ್ನ ಅಂಗಿಯ ಜೇಬಿಗೆ ಅಂಟಿಸಿ ಅಡುಗೆಮನೆಗೆ ಹೋದಳು. ಅವಳು ಬೈಯಬಹುದಿತ್ತು.

ಮುಂದಿನ ಶುಕ್ರವಾರ ಪೂಜೆಯ ನಂತರ ಹೆಂಗಸರು ನಮ್ಮ ಮನೆಗೇ ಬಂದರು. ಉಳಿದಿದ್ದ ನಾಲ್ಕೈದು ಮಂದಿ. ಕೆಳಗಿನ ಮಹಡಿಯ ಹುಡುಗಿಯೂ ಬಂದಳು. ಅವಳು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ ಮನೆತನದವಳು, ಗಂಡ ಮುಶೈರಿಬ್‌ನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೆಣಿಗೆ ಕಲಿತದ್ದು ಫೋನಿನಲ್ಲಿ. ಕೈ ಚುರುಕು, ಆದರೆ ಬರೆದ ಪ್ಯಾಟರ್ನು ಓದಿ ಅಭ್ಯಾಸವಿಲ್ಲ. ಹಾಸಿಗೆಯ ಮೇಲೆ ಹರಡಿದ್ದ ಕಾಗದಗಳನ್ನು ನೋಡಿ, "ಆಂಟಿ, ಇದಕ್ಕೆ ವಿಡಿಯೋ ಇಲ್ವಾ?" ಎಂದು ಕೇಳಿದಳು.

"ಉಂಟು. ನಾನೇ ವಿಡಿಯೋ. ಕೂತುಕೊ."

ಚಿತ್ರವಿದ್ದ ಕಾಗದಗಳಿಗೆ ತುಂಡು ಬೇಗ ಸಿಕ್ಕಿತು. ಕೈಬರಹದವುಗಳಿಗೆ ಸಿಗಲಿಲ್ಲ. ನೋಡಿದರೆ ಎಲ್ಲ ಅಂಚೂ ಅಂಚೇ, ಎಲ್ಲ ಹೂವೂ ಹೂವೇ. ಯಾವ ಕಾಗದ ಯಾವ ತುಂಡಿನದ್ದೆಂದು ತಿಳಿಯಲು ಒಂದೇ ಉಪಾಯವಿತ್ತು, ಕಾಗದದಲ್ಲಿ ಬರೆದ ಹಾಗೆ ಹೆಣೆಯುವುದು, ಬಂದದ್ದನ್ನು ಪೆಟ್ಟಿಗೆಯ ತುಂಡುಗಳ ಪಕ್ಕದಲ್ಲಿಟ್ಟು ನೋಡುವುದು. ಒಬ್ಬೊಬ್ಬರು ಕೆಲವು ಕಾಗದ ಮನೆಗೆ ಒಯ್ದರು. ಮುಂದಿನ ಶುಕ್ರವಾರ ಹೆಣೆದು ತಂದರು. ಹೊಂದಿದರೆ ಹೋ ಎಂದು ನಗು, ಹೊಂದದಿದ್ದರೆ ಒಬ್ಬಳ ಕಣ್ಣಿನ ಬಗ್ಗೆ ಇನ್ನೊಬ್ಬಳ ಅಭಿಪ್ರಾಯ.

ಕೆಲವು ವಾರ ಕಳೆದ ಮೇಲೆ ನನ್ನ ಹೆಂಡತಿ ಕಡ್ಡಿ ಕೆಳಗಿಟ್ಟು ಹೇಳಿದಳು: "ಹೆಣೆದು ತೋರಿಸಿದ್ದು ಆಯ್ತಲ್ಲ. ಇನ್ನು ಕಾಗದ ನಿಮ್ಮದೇ. ಪಿನ್ನು ಹಾಕಿ ತೆಗೆದುಕೊಂಡು ಹೋಗಿ."

ಯಾರಿಗೆ ಕೊಡುವುದೆಂಬ ಪ್ರಶ್ನೆ ಹೀಗೆ ಹೆಚ್ಚುಕಡಿಮೆ ತಾನಾಗಿ ಬಗೆಹರಿಯಿತು. ಇದರಲ್ಲಿ ನನ್ನ ವರ್ಗೀಕರಣದ ಪಾತ್ರವೂ ಇದೆಯೆಂದು ನಾನು ಸೂಚಿಸಿದೆ. ಸಭೆ ಅದನ್ನು ದಾಖಲಿಸಿಕೊಳ್ಳಲಿಲ್ಲ. ಕಾಗದವೇ ಸಿಗದ ತುಂಡುಗಳೂ ಉಳಿದವು. ಅವನ್ನು ಹೆಂಡತಿ ಚಹಾದ ಲೋಟದ ಅಡಿಗೆ ಹಾಕಿಕೊಳ್ಳಲು ಹಂಚಿದಳು.

ನರ್ಸಿನ ಮೊಗ್ಗಿನ ಲೇಸಿನ ತುಂಡು ಯಾವುದೆಂದು ಅವಳಿಗೆ ಗೊತ್ತಿತ್ತು, ಅದನ್ನು ಹುಡುಕಬೇಕಾಗಿರಲಿಲ್ಲ. ತೊಂದರೆ ಇದ್ದದ್ದು ಕಾಗದದಲ್ಲಿ. ಯಾವ ಕಾಲದಲ್ಲೋ ಯಾರೋ ಅದರ ಮೇಲೆ ಚಹಾದ ಲೋಟ ಇಟ್ಟಿದ್ದರು. ಕೊನೆಯ ಸಾಲುಗಳ ಶಾಯಿ ಹರಡಿ ಕಂದು ಉಂಗುರವೊಂದೇ ಉಳಿದಿತ್ತು. ಒಂದು ಕಾಲದಲ್ಲಿ ನರ್ಸಿನ ಎದುರಿಗೆ ಕೂತು ಹೆಣೆದು ತೋರಿಸಿದವಳು ನನ್ನ ಹೆಂಡತಿಯೇ, ಆದರೆ ಕೈಗೆ ಈಗ ನೆನಪಿಲ್ಲ. ಮೊಗ್ಗಿನ ಹಿಂದೆ ನೂಲು ಎಲ್ಲಿ ಹೊಕ್ಕು ಎಲ್ಲಿ ಹೊರಟಿದೆಯೆಂದು ಕನ್ನಡಕ ಹಾಕಿ ನೋಡಿದರೂ ಕಾಣುತ್ತಿರಲಿಲ್ಲ. ಎಲ್ಲರೂ ಪ್ರಯತ್ನಿಸಿದರು. ಎಲ್ಲರ ಮೊಗ್ಗೂ ಮುಖ ಅಡಿ ಮಾಡಿತು. ನರ್ಸಿನದ್ದು ಮಾತ್ರ ತಲೆಯೆತ್ತಿ ನಿಲ್ಲುತ್ತಿತ್ತು.

ಕೆಳಗಿನ ಮಹಡಿಯ ಹುಡುಗಿ ಮಾತ್ರ ಬಿಡಲಿಲ್ಲ. ಮಗುವನ್ನು ಮಲಗಿಸಿ ದಿನವೂ ಮೇಲೆ ಬರುತ್ತಿದ್ದಳು. ಹೆಣೆದು, ಬಿಚ್ಚಿ, ಮತ್ತೆ ಹೆಣೆದು, ಕೊನೆಗೆ ಒಂದು ದಿನ, "ಆಂಟಿ, ಈ ತುಂಡನ್ನೇ ಬಿಚ್ಚಿದರೆ ಗೊತ್ತಾಗ್ತದೆ ಅಲ್ವಾ?" ಎಂದಳು.

ಹೆಂಡತಿ ತುಂಡನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಹುಡುಗಿಗೆ ತಾನೇನೋ ತಪ್ಪು ಹೇಳಿದೆನೆನಿಸಿ, "ಬೇಡ ಆಂಟಿ, ಸುಮ್ಮನೆ ಹೇಳಿದ್ದು" ಎಂದು ಎದ್ದು ಹೋದಳು.

ಕ್ರೋಶಾ ಹೆಣೆದದ್ದನ್ನು ಕೊನೆಯ ತುದಿಯಿಂದ ಎಳೆದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಎಳೆಯುವಾಗ ಕಣ್ಣಿಟ್ಟು ನೋಡಿದರೆ ಹೇಗೆ ಮಾಡಿದ್ದೆಂದು ತಿಳಿಯುತ್ತದೆ. ಆದರೆ ತಿಳಿಯುವ ಹೊತ್ತಿಗೆ ಅದು ಇರುವುದಿಲ್ಲ.

"ಅವಳ ಕೈಯದ್ದು ಅಂತ ಈ ಮನೆಯಲ್ಲಿ ಇರುವುದು ಇದೊಂದೇ" ಎಂದಳು ನನ್ನ ಹೆಂಡತಿ, ಊಟಕ್ಕೆ ಕೂತಾಗ.

"ಊರಿಗೆ ತೆಗೆದುಕೊಂಡು ಹೋಗೋಣ. ಒಂದು ತುಂಡಿನ ಭಾರ ಎಷ್ಟು?"

"ತುಂಡು ಹೋಗ್ತದೆ. ಮೊಗ್ಗು ಮಾಡಲಿಕ್ಕೆ ಬರುವವರು ಯಾರೂ ಇರುವುದಿಲ್ಲ."

ಶನಿವಾರ ಬೆಳಿಗ್ಗೆ, ನನಗೆ ರಜೆ, ಬಾಲ್ಕನಿಯ ಬಾಗಿಲ ಬೆಳಕಿಗೆ ಕುರ್ಚಿ ಹಾಕಿಕೊಂಡು ಕರೆದಳು. "ಪೆನ್ನು ಕಾಗದ ತನ್ನಿ." ಮೊದಲು ಫೋಟೋ ತೆಗೆಯಲಾ ಎಂದು ಕೇಳಿದೆ. ತಲೆಯಾಡಿಸಿದಳು. ಎರಡೂ ಮೈಯ ಫೋಟೋ ತೆಗೆದೆ. ಅಭ್ಯಾಸಬಲದಿಂದ ಪಕ್ಕದಲ್ಲಿ ಸ್ಕೇಲು ಇಟ್ಟಿದ್ದೆ.

ನರ್ಸು ನೂಲಿನ ತುದಿಯನ್ನು ಒಳಗೊಳಗೇ ಪೋಣಿಸಿ ಮುಚ್ಚಿದ್ದಳು. ಅದನ್ನು ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯಿತು. ಸೂಜಿಯ ಮೊನೆಯಿಂದ ಎತ್ತಿ, ಗಂಟು ಸಡಿಲಿಸಿ, ಹೆಂಡತಿ ಮೆಲ್ಲಗೆ ಎಳೆದಳು. ಒಂದು ಕುಣಿಕೆ ಬಿಚ್ಚಿತು. ಇನ್ನೊಂದು. ಬಿಚ್ಚಿದ ಹಾಗೆ ಅವಳು ಹೇಳಿದಳು, ನಾನು ಬರೆದೆ. ಕೊನೆಯದ್ದು ಮೊದಲು ಬರುತ್ತಿದ್ದರಿಂದ ಹಾಳೆಯ ಅಡಿಯಿಂದ ಮೇಲಕ್ಕೆ ಬರೆಯುತ್ತ ಹೋದೆ. ನನ್ನ ಸೇವಾವಧಿಯಲ್ಲಿ ಹಾಗೆ ತಯಾರಾದ ದಾಖಲೆ ಅದೊಂದೇ.

ಮೊಗ್ಗು ಬಂದಾಗ ಅವಳ ಕೈ ನಿಂತಿತು.

"ಹಿಂದಿನಿಂದ ಹಾಕಿದ್ದಾಳೆ" ಎಂದಳು. "ಎಲ್ಲ ಎದುರಿನಿಂದ, ಇದೊಂದು ಹಿಂದಿನಿಂದ. ಅದಕ್ಕೇ ತಲೆಯೆತ್ತುವುದು. ನೋಡಿ, ಕಳ್ಳಿ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವುದು ಮುಗಿಯುವ ತನಕ ನಾನು ಬರೆದದ್ದನ್ನೇ ಮತ್ತೆ ಓದುತ್ತಿದ್ದೆ.

ಕಾಗದದಲ್ಲಿ ಅಳಿಸಿದಷ್ಟು ಸಾಲು ಬಿಚ್ಚಿ ಅಲ್ಲಿಗೆ ನಿಲ್ಲಿಸಿದಳು. ಬಿಚ್ಚಿದ ನೂಲು ಮಡಿಲಲ್ಲಿ ಗುಂಗುರು ಗುಂಗುರಾಗಿ ಬಿದ್ದಿತ್ತು, ಹಳೆಯ ಕುಣಿಕೆಗಳ ಬಾಗು ಇನ್ನೂ ಬಿಟ್ಟಿರಲಿಲ್ಲ. ಅದೇ ನೂಲನ್ನು ಕಡ್ಡಿಗೆ ತೆಗೆದುಕೊಂಡು, ನಾನು ಮೇಲಿನಿಂದ ಕೆಳಕ್ಕೆ ಓದಿದ ಹಾಗೆ ಮತ್ತೆ ಹೆಣೆದಳು. ಮೊಗ್ಗು ತಲೆಯೆತ್ತಿತು. ಮುಗಿಸಿದಾಗ ಒಂದು ಗೇಣು ನೂಲು ಉಳಿಯಿತು. "ಅವಳದ್ದು ಸಡಿಲ ಕೈ, ನನ್ನದು ಬಿಗಿ" ಎಂದಳು. ನನಗೆ ನೋಡಿದರೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಬೆರಳಿನಿಂದ ಮುಟ್ಟಿ ತೋರಿಸಿದಳು, "ಇಲ್ಲಿಯವರೆಗೆ ಅವಳು, ಇಲ್ಲಿಂದ ನಾನು" ಎಂದು.

ಕಾರ್ಗೋದವರು ಬಂದು ಪೆಟ್ಟಿಗೆಗಳನ್ನು ಒಯ್ದ ಮಾರನೆಯ ದಿನ ಹುಡುಗಿ ಮೇಲೆ ಬಂದಳು. ಮಂಚವೂ ಮಾರಾಟವಾಗಿ ಹೋಗಿತ್ತು. ಅದರ ಅಡಿಯ ನೆಲ ಮಾತ್ರ ಬೇರೆ ಬಣ್ಣಕ್ಕೆ ಉಳಿದಿತ್ತು. ಇಬ್ಬರೂ ಆ ನೆಲದ ಮೇಲೆಯೇ ಎದುರುಬದುರು ಕೂತರು. ಹುಡುಗಿ ನನ್ನ ಕೈಬರಹ ನೋಡುತ್ತ, ಬೆರಳಿನಿಂದ ಸಾಲು ಹಿಡಿದು ಓದುತ್ತ ಹೆಣೆದಳು. ಒಂದು ಕಡೆ ತಪ್ಪಿದಳು. ಹೆಂಡತಿ ಹೇಳಿಕೊಡಲಿಲ್ಲ, ಕಾದಳು. ಹುಡುಗಿ ತಾನೇ ಬಿಚ್ಚಿ ಸರಿಮಾಡಿಕೊಂಡಳು. ಮೊಗ್ಗು ಎದ್ದು ನಿಂತಾಗ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ನರ್ಸಿನ ಕಾಗದ, ನಾನು ಬರೆದ ಕಾಗದ ಎರಡನ್ನೂ ಹಳೆಯ ತುಂಡನ್ನೂ ಒಂದೇ ಪಿನ್ನಿನಲ್ಲಿ ಚುಚ್ಚಿ ಕೊಟ್ಟಳು.

ಹುಡುಗಿ ತುಂಡಿನಿಂದ ನೇತಾಡುತ್ತಿದ್ದ ನೂಲಿನ ಬಾಲವನ್ನು ನೋಡಿದಳು. "ಇದನ್ನು ಒಳಗೆ ಪೋಣಿಸಿ ಕತ್ತರಿಸಲಾ ಆಂಟಿ?"

"ಬೇಡ, ಹಾಗೆಯೇ ಇರಲಿ" ಎಂದಳು ನನ್ನ ಹೆಂಡತಿ. "ಮುಂದೆ ಬಿಚ್ಚಿ ನೋಡುವವರಿಗೆ ತುದಿ ಸಿಗಬೇಕಲ್ಲ."