ಮೇಸ್ತ್ರಿಯನ್ನು ಇಂಜಿನಿಯರ್ ಮಾಡಿದ್ದು

ಪಕ್ಕದ ಮನೆಯವರು ಹೊಸ ಸ್ಲ್ಯಾಬಿನ ಮೇಲೆ ನೀರು ಕಟ್ಟಿದ್ದಾರೆ. ಬೆಳಿಗ್ಗೆ ಕಿಟಕಿ ತೆರೆದರೆ ಹಸಿ ಸಿಮೆಂಟಿನ ವಾಸನೆ. ಬ್ರಹ್ಮಾವರದಲ್ಲಿ ಮನೆ ಏಳುವುದೇನೂ ಹೊಸತಲ್ಲ. ಆದರೆ ಈ ವಾಸನೆ ಮೂಗಿಗೆ ಬಡಿದರೆ ನನಗೆ ನಮ್ಮ ಮೇಸ್ತ್ರಿ ನೆನಪಾಗುತ್ತಾರೆ, ಆಮೇಲೆ ಕಾಫಿ ರುಚಿಸುವುದಿಲ್ಲ.

ತೊಂಬತ್ತೆಂಟರ ಸುಮಾರಿಗೆ ಕುಂದಾಪುರದ ಕಂಟ್ರಾಕ್ಟರರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಮೇಸ್ತ್ರಿ ಕಲಿತದ್ದು ಏಳನೇ ಕ್ಲಾಸು. ಕೆಂಪುಕಲ್ಲನ್ನು ಕುಟ್ಟಿ ಸದ್ದು ಕೇಳಿಯೇ ಅದರ ಯೋಗ್ಯತೆ ಹೇಳುತ್ತಿದ್ದರು. ಮುಂಬೈಯಲ್ಲಿ ದುಡಿದವರು ಊರಲ್ಲಿ ಟೆರೇಸ್ ಮನೆ ಕಟ್ಟಿಸತೊಡಗಿದಾಗ ಅವರಿಗೆಲ್ಲ ಇಂಜಿನಿಯರೇ ಬೇಕಾಯಿತು. ನಮ್ಮ ಧನಿ, ಅಂದರೆ ಆ ಕಂಟ್ರಾಕ್ಟರರು, ಓದಿದವರನ್ನು ತರುವ ಬದಲು ಮೇಸ್ತ್ರಿಗೆ ಪ್ಯಾಂಟು ಹೊಲಿಸಿದರು. ಬಾಗಿಲಿನ ಬೋರ್ಡಿಗೆ ‘ಸೈಟ್ ಇಂಜಿನಿಯರ್’ ಎಂದು ಟೈಪ್ ಮಾಡಿಕೊಟ್ಟವಳು ನಾನೇ.

ಅಲ್ಲಿಂದ ಅವರು ಕರಣೆ ಮುಟ್ಟುವಂತಿರಲಿಲ್ಲ. ಜೊತೆಯವರು ಒಟ್ಟಿಗೆ ಕೂತು ಗಂಜಿ ಉಣ್ಣುವಾಗ ಇವರೊಬ್ಬರೇ ಕುರ್ಚಿಯಲ್ಲಿ... ಬಿಟ್ಟುಬಿಡೋಣವೆಂದರೆ ಮಗಳ ಸಂಬಂಧ ಕೂಡಿಬಂದದ್ದೇ ಆ ಪದವಿಯ ಮೇಲೆ.

ಶಿರೂರಿನ ಒಂದು ಮನೆ. ಕಾರು ತಿರುಗಬೇಕು, ಪೋರ್ಟಿಕೊಗೆ ಕಂಬ ಬೇಡ ಎಂದು ಮನೆಯ ಯಜಮಾನರ ಹಟ. ಧನಿ ಒಪ್ಪಿಬಿಟ್ಟರು. ಆಫೀಸಿನಲ್ಲಿ ಎಲ್ಲರೂ ಕೂತಿದ್ದಾಗ ಮೇಸ್ತ್ರಿಗೆ ತಡೆಯಲಾಗಲಿಲ್ಲ.

“ನಾ ಇಂಜಿನಿಯರ್ ಅಲ್ಲ ಮಾರಾಯ್ರೆ, ಬರೀ ಮೇಸ್ತ್ರಿ. ಇದ್ಕೆ ಕಂಬ ಬೇಕೇ ಬೇಕ್.”

ಯಜಮಾನರು ನಕ್ಕರು. “ಕಲ್ತೋರ್ ಹೀಂಗೇ, ದೊಡ್ಡಸ್ತಿಕೆ ತೋರ್ಸುದಿಲ್ಲ. ಅಲ್ದಾ ತಂಗಿ?” ಎಂದು ನನ್ನತ್ತ ತಿರುಗಿದರು. ಧನಿಯೂ ನನ್ನನ್ನೇ ನೋಡಿದರು. ನಮ್ಮ ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದ. ನಾನೂ ನಕ್ಕುಬಿಟ್ಟೆ. ಆ ನಗುವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಂಬವಿಲ್ಲದೆ ಸ್ಲ್ಯಾಬು ಹಾಕಿದರು. ಸೆಂಟ್ರಿಂಗ್ ಬಿಚ್ಚುವ ದಿನವನ್ನು ಮೇಸ್ತ್ರಿ ಎರಡು ಸಲ ಮುಂದೂಡಿದರು. ಗೃಹಪ್ರವೇಶ ಹತ್ತಿರ ಬಂತು, ಇನ್ನು ತಡೆಯುವಂತಿರಲಿಲ್ಲ. ಆಳುಗಳನ್ನೆಲ್ಲ ದೂರ ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು, ತಾವೊಬ್ಬರೇ ಸ್ಲ್ಯಾಬಿನ ಕೆಳಗೆ ಹೋಗಿ ಆಧಾರದ ಮರಗಳನ್ನು ತೆಗೆದರಂತೆ... ಸ್ಲ್ಯಾಬು ಬಿತ್ತು. ಜೀವ ಉಳಿಯಿತು, ಸೊಂಟ ಹೋಯಿತು. “ಇಂಜಿನಿಯರೇ ನಿಂತ್ ಹಾಕ್ಸಿದ್ದಲ್ದಾ” ಎಂದು ಧನಿ ಕೈತೊಳೆದುಕೊಂಡರು.

ಬಿಜೂರಿನ ಅವರ ಮನೆಗೆ ನೋಡಲು ಹೋಗಿದ್ದೆ. ಏನೆಂದು ಕರೆಯುವುದೋ ತಿಳಿಯದೆ ಬಾಗಿಲಲ್ಲೇ ನಿಂತೆ. ಮಲಗಿದಲ್ಲಿಂದಲೇ, “ಇನ್ನಾದ್ರೂ ಮೇಸ್ತ್ರಿ ಅಂತ್ಲೇ ಕರಿ ತಂಗಿ” ಎಂದರು.

ಹೋದ ವಾರ ಅವರು ತೀರಿಕೊಂಡರು. ಮೊನ್ನೆ ಅವರ ಅಳಿಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕಾಗದದ ಕರಡು ಹಿಡಿದು ಬಂದಿದ್ದ. ಮೇಸ್ತ್ರಿಯ ಹೆಸರಿನ ಹಿಂದೆ ದಪ್ಪ ಅಕ್ಷರದಲ್ಲಿ ‘ಇಂಜಿನಿಯರ್’.

“ತಪ್ಪಿದ್ರೆ ಹೇಳಿ ಅಕ್ಕ, ಇನ್ನೂ ಪ್ರಿಂಟಿಗೆ ಕೊಡ್ಲಿಲ್ಲ” ಎಂದ.

ಮೇಸ್ತ್ರಿಯ ಮಗಳು ಗಂಡನ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ತಪ್ಪಿಲ್ಲ ಎಂದೆ.