ಕಮಲವ್ವ ಒಪ್ಪಿದ್ದರು

ಕಮಲವ್ವ ಒಪ್ಪಿದ್ದರು. ಒಪ್ಪಲಿಲ್ಲ ಎಂದು ಹೇಳಿದವನು ನಾನು.

ನನ್ನ ಪುಸ್ತಕ ಓದಿದವರಿಗೆ ಗೋಕಾಕದಲ್ಲಿ ಮಣ್ಣಿನ ಬಣ್ಣದ ಹಣ್ಣು ಮಾಡುವ ಆ ಹೆಣ್ಣುಮಗಳು ನೆನಪಿರಬಹುದು—ವಿದೇಶದ ದೊಡ್ಡ ಆರ್ಡರು ಮನೆಬಾಗಿಲಿಗೆ ಬಂದರೂ ಹೆದರಿ ಹಿಂದೆ ಸರಿದವರು. ಪೇಟೆ ತೆರೆದ ಮಾತ್ರಕ್ಕೆ ವ್ಯಾಪಾರ ಬಡವರನ್ನು ಮುಟ್ಟುವುದಿಲ್ಲ ಎಂಬ ನನ್ನ ವಾದ ನಿಂತದ್ದೇ ಅವರ ಮೇಲೆ. ಅಂತರರಾಷ್ಟ್ರೀಯ ವ್ಯಾಪಾರ, ಅಭಿವೃದ್ಧಿ ಎಂದು ದೇಶ ಸುತ್ತಿದೆ. ಒಳ್ಳೆಯ ಕೆಲಸ, ಒಳ್ಳೆಯ ಶಿಷ್ಯರು ಸಿಕ್ಕರು. ಸುಖವಾಗಿದ್ದೇನೆ, ಸುಳ್ಳೇಕೆ ಹೇಳಲಿ. ನಿದ್ದೆಯೂ ಚೆನ್ನಾಗಿ ಬರುತ್ತದೆ. ಬರಬಾರದಿತ್ತು—ಆದರೆ ಬರುತ್ತದೆ. ಕಮಲವ್ವನ ಆ ಅಧ್ಯಾಯವನ್ನು ಮಾತ್ರ ಮುಂದಿನ ಮುದ್ರಣದಿಂದ ತೆಗೆಯಲು ಹೇಳಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಯುರೋಪಿನ ವ್ಯಾಪಾರಿಯೊಬ್ಬ ಗೋಕಾಕದ ಹಣ್ಣುಗಳನ್ನು ಕೊಳ್ಳಲು ಬಂದಿದ್ದ—ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದ ಬಾಳೆ, ಪೇರಲ, ಸೀತಾಫಲ. ನಾನು ಹುಕ್ಕೇರಿ ತಾಲೂಕಿನ ಕಣಗಲಾದವನು, ಜೈನರ ಮನೆಯ ಹುಡುಗ; ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ದುಭಾಷಿಯಾಗಿ ಅವನು ನನ್ನನ್ನು ಕರೆದೊಯ್ದ. ನನಗೂ ಸಂಶೋಧನೆಗೊಂದು ಉದಾಹರಣೆ ಬೇಕಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ವಾದವನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ.

ಎಷ್ಟು ಬೇಕು, ಯಾವಾಗ ಬೇಕು ಎಂದು ಅವನು ಹೇಳಿದ. ಕಮಲವ್ವ ಎಲ್ಲ ಕೇಳಿಸಿಕೊಂಡು, "ದೇವರ ಮನಸಿನ್ಯಾಗ ಇದ್ರ ಆಗತೈತ್ರಿ" ಎಂದು ಒಳಗೆ ಹೋದರು. ಬಟ್ಟಲಲ್ಲಿ ಸಕ್ಕರೆ ತಂದು ನಮ್ಮಿಬ್ಬರ ಅಂಗೈಗೆ ಹಾಕಿದರು. ನಮ್ಮ ಕಡೆ ಹಳೆಯ ಮಂದಿ ಮೊದಲ ವ್ಯವಹಾರಕ್ಕೆ ಬಾಯಿಬಿಟ್ಟು 'ಹೂಂ' ಅನ್ನುವುದಿಲ್ಲ. ದೃಷ್ಟಿ ತಗಲುತ್ತದೆ ಎನ್ನುತ್ತಾರೆ. ಕೈಗೆ ಸಕ್ಕರೆ ಬಿತ್ತೆಂದರೆ ಮಾತು ಕೊಟ್ಟಂತೆ, ಹಿಂದೆ ಸರಿಯುವಂತಿಲ್ಲ. ಎತ್ತು ಮಾರುವಾಗ, ಹೆಣ್ಣು ಕೊಡುವಾಗ ಇದನ್ನೇ ಕಂಡು ಬೆಳೆದವನು ನಾನು.

ಅಂಗೈ ನೋಡಿಕೊಳ್ಳುತ್ತ ಅವನು ಕೇಳಿದ—ಒಪ್ಪಿದರೇ?

"ಇಲ್ಲ" ಎಂದೆ. "ಇದು ಅತಿಥಿಗೆ ಮಾಡುವ ಮರ್ಯಾದೆ, ಅಷ್ಟೇ. ದೊಡ್ಡ ಆರ್ಡರೆಂದರೆ ಇವರಿಗೆ ಹೆದರಿಕೆ."

ಅವನು ಕೈಮುಗಿದು ಹೊರಟ. ಕಮಲವ್ವ ನಗುನಗುತ್ತ ಬಾಗಿಲತನಕ ಬಂದರು. "ತಿರುಗಿ ಯಾವಾಗ ಬರತಾರಂತ್ರಿ?" ಎಂದು ನನ್ನನ್ನು ಕೇಳಿದರು. ಹೇಳಿ ಕಳಿಸುತ್ತಾರೆ ಎಂದೆ. ಎಷ್ಟು ಸಲೀಸಾಗಿ ಅಂದೆ ಆ ಮಾತನ್ನು—

ಹತ್ತಾರು ವರ್ಷಗಳಾದ ಮೇಲೆ, ಮೂಡಲಗಿಗೆ ಮದುವೆಗೆಂದು ಹೋದವನು ಗೋಕಾಕದಲ್ಲಿ ಇಳಿದೆ. ಕಮಲವ್ವ ಕರದಂಟಿನ ಅಂಗಡಿಯೊಂದರಲ್ಲಿ ಡಬ್ಬಿ ತುಂಬುತ್ತಿದ್ದರು. ಗುರುತು ಹೇಳಿದೆ. ನಡೆದದ್ದನ್ನು, ಏನೂ ಬಿಡದೆ, ಹೇಳಿದೆ.

ಬೈಯುತ್ತಾರೆಂದು ಕಾದೆ. ಅವರು ಸೆರಗಿಗೆ ಕೈ ಒರೆಸಿಕೊಂಡರು.

"ಹೊಟ್ಟಿಗೇನ ಕಡಿಮಿ ಆಗಲಿಲ್ಲ ಬಿಡ್ರಿ. ಮಗಳ ಮದುವಿ ಮಾಡೇನಿ, ಚಲೋ ಅದೇನಿ. ಆದ್ರ ಅವರು ತಿರುಗಿ ಬರಲಿಲ್ಲ ನೋಡ್ರಿ, ನನ್ನ ಕೈಕೆಲಸಾನ ಚಲೋ ಇಲ್ಲ ಅಂತ ತಿಳಕೊಂಡ್ನಿ. ಅದಕ್ಕ ಬಿಟ್ಟಬಿಟ್ಟೆ."

ವ್ಯಾಪಾರ ಕೆಟ್ಟಿತು, ನಾಲ್ಕು ಕಾಸು ಹೋಯಿತು ಎಂದಷ್ಟೇ ನಾನು ತಿಳಿದಿದ್ದೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

"ಖರೆ ಹೇಳ್ರಿ" ಎಂದರು. "ಹಣ್ಣು ಅವರಿಗೆ ಸೇರಿದ್ವೇನು?"

"ಭಾಳ ಸೇರಿದ್ವು, ಅಕ್ಕಾರ. ಹೈವೇ ಮುಟ್ಟೂತನಕ ನಿಮ್ಮ ಕೈಕೆಲಸಾನ ಹೊಗಳಾಕತ್ತಿದ್ದ."

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿ ತಡೆದರು. ಸ್ಟೂಲು ಎಳೆದು ನನ್ನೆದುರು ಕುಳಿತರು.

"ಏನೇನ ಅಂದ್ರು, ಎಲ್ಲಾ ಹೇಳ್ರಿ."

ನೆನಪಿದ್ದಷ್ಟನ್ನೂ ಹೇಳಿದೆ. ಬಹಳಷ್ಟು ಮರೆತುಹೋಗಿತ್ತು.