ಬೂಟಿನಲ್ಲಿ ಹುಟ್ಟಿದ ಜೇಕು

ನನ್ನ ಅಕ್ಕನನ್ನು ಅವಳ ಆಫೀಸಿನಲ್ಲಿ ಜೇಕಮ್ಮ ಎನ್ನುತ್ತಾರೆ. ಮುಖದೆದುರೇ ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೆಸರು ಬರೆದು, ಬೀರುಗಳಲ್ಲಿ ಕಾಪಾಡುವ ಸಂಗ್ರಹಾಲಯ ಅದು. ನೀರಿನಂಚಿನಲ್ಲಿ ಹುಲ್ಲಿನಂತೆ ಬೆಳೆಯುವ ಜೇಕು ಯಾವುದೇ ಬರಲಿ, ಅವಳ ಮೇಜಿಗೇ ಹೋಗುತ್ತದೆ. ನಾನು ಬಟ್ಟೆ ಹೊಲಿಯುವವಳು, ನನ್ನ ಕಣ್ಣಿಗೆ ಹುಲ್ಲೆಲ್ಲ ಹುಲ್ಲೇ. ಹಾಗೆಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

“ಹುಲ್ಲಿನ ದಂಟು ದುಂಡಗಿರತ್ತೆ, ಗಿಣ್ಣಿರತ್ತೆ. ಇದನ್ನ ಬೆರಳಲ್ಲಿ ಹೊರಳಿಸಿ ನೋಡು,” ಎಂದು ಒಂದು ದಂಟು ಕೊಡುತ್ತಾಳೆ. ಹೊರಳಿಸಿದರೆ ಮೂರು ಮೂಲೆ ಬೆರಳಿಗೆ ತಾಗುತ್ತವೆ. ಎಲೆಗಳೂ ಮೂರು ಸಾಲಾಗಿ ಏಳುತ್ತವೆ. ಅಲ್ಲಿಗೆ ಅದು ಜೇಕು. ಆದರೆ ಯಾವ ಜೇಕು ಎಂದು ತಿಳಿಯಬೇಕಾದರೆ ಕಾಯಿ ಬಲಿಯಬೇಕು. ಸಾಸಿವೆಗಿಂತ ಚಿಕ್ಕದಾದ ಅದನ್ನು ಲೆನ್ಸಿನ ಕೆಳಗಿಟ್ಟು, ಅದರ ಮೂತಿ, ಮೈಮೇಲಿನ ಗೆರೆ ನೋಡಬೇಕು. ಕಾಯಿಯಿಲ್ಲದೆ ಹೆಸರಿಲ್ಲ ಎನ್ನುವುದು ಅವಳ ಕಟ್ಟುನಿಟ್ಟು. ದೇವರೇ ಇಳಿದು ಬಂದು ಅಂದಾಜಿಗೆ ಒಂದು ಹೆಸರು ಹೇಳು ಎಂದರೂ ಹೇಳುವವಳಲ್ಲ.

ಭಾವ ಕಾಣೆಯಾಗಿ ಎಷ್ಟೋ ವರ್ಷಗಳಾದವು. ಅಕ್ಕ ಗಿಡ ಸಂಗ್ರಹಕ್ಕೆಂದು ಪರವೂರಿಗೆ ಹೋಗಿದ್ದ ವಾರ ಅದು. ದೊಡ್ಡ ಕೆರೆಯ ದಡದಲ್ಲಿ ಅವರ ಬೂಟುಗಳು ಸಿಕ್ಕವು, ದೇಹ ಸಿಗಲಿಲ್ಲ. ಪೊಲೀಸರು ಬಲೆ ಹಾಕಿಸಿದರು, ಕೈಚೆಲ್ಲಿದರು, ಬೂಟುಗಳನ್ನು ವಾಪಸ್ ಕೊಟ್ಟರು. ಮುಳುಗಿದ ಎಂದರು ಕೆಲವರು, ಓಡಿಹೋದ ಎಂದರು ಕೆಲವರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? “ಸತ್ತಿದಾರೋ ಬದುಕಿದಾರೋ ಆಮೇಲೆ. ಎಲ್ಲಿದಾರೆ ಅಂತ ಗೊತ್ತಾಗ್ಲಿ ಸಾಕು,” ಎಂದು ಅಕ್ಕ ಅತ್ತದ್ದು ಒಂದೆರಡು ಸಲವಲ್ಲ. ಆ ದಡವನ್ನು ಅವಳಷ್ಟು ಯಾರೂ ತಿರುಗಿಲ್ಲ. ಅಲ್ಲಿ ಬೆಳೆಯುವ ಒಂದೊಂದು ಜೇಕೂ ಅವಳಿಗೆ ಪರಿಚಯ.

ಬೂಟಿಗೆ ಒಳಗೂ ಹೊರಗೂ ಮೆತ್ತಿದ ಮಣ್ಣನ್ನು ಅವಳು ಒರೆಸಲಿಲ್ಲ. ಬಂದ ವಸ್ತುವಿನ ಮಣ್ಣು ಕೊಡವಬಾರದು ಎಂಬುದು ಅವರ ಕಸುಬಿನ ರೂಢಿ. ಹಿಂದಿನ ಜಗಲಿಯ ಮೂಲೆಯಲ್ಲಿ ಹಾಗೇ ಇಟ್ಟಳು. ಈ ಸಲದ ಮಳೆಗೆ ಅಲ್ಲಿ ಸೂರು ಸೋರಿತು. ಎಡಗಾಲಿನ ಬೂಟಿನೊಳಗೆ ಹಸಿರು ಮೂಡಿತು.

“ಥೂ, ಕಿತ್ತು ಬಿಸಾಕೇ,” ಎಂದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಕಾಲು ಇರಬೇಕಾದ ಜಾಗದಿಂದ ಎಲೆಗಳು ಎದ್ದಿದ್ದವು, ಗಾಳಿಯಿಲ್ಲದಾಗಲೂ ಅಲುಗುತ್ತಿದ್ದವು. ಜೇಕಿನ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದಂತೆ. ಅಕ್ಕ ಮೊಣಕಾಲೂರಿ ದಂಟನ್ನು ಹೊರಳಿಸಿದಳು.

“ಅವರು ಕೊನೇಸಲ ಎಲ್ಲಿ ಕಾಲಿಟ್ರೋ ಅಲ್ಲಿನ ಬೀಜ ಕಣೇ ಇದು,” ಎಂದಳು.

“ಇನ್ನೆಲ್ಲಿದು? ಕೆರೇದೇ ಇರ್ಬೇಕು.”

“ಎಲೆ ನೋಡಿದ್ರೆ ಹಾಗೇ ಇದೆ. ಇರ್ಬೇಕು ಅಂದ್ರೆ ಆಗಲ್ಲ, ಕಾಯಿ ಬರ್ಲಿ.”

ಮನೆಯಲ್ಲಿ ಅಕ್ಕನ ಜೊತೆ ಇರುವವರು ಅವಳ ಅತ್ತೆ ಒಬ್ಬರೇ. ಮಾವ ತೀರಿಕೊಂಡಿದ್ದಾರೆ. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದುಕೊಂಡವರು ಇವರನ್ನು ನೋಡಬೇಕು, ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುತ್ತಿರಲಿಲ್ಲ. ಆದರೆ ಆ ಗಿಡ ಬಂದಮೇಲೆ ಅತ್ತೆಗೆ ಊಟ ಸೇರದಾಯಿತು. ಕುರ್ಚಿಯನ್ನು ಬೂಟಿನೆದುರಿಗೆ ಹಾಕಿಕೊಂಡು ಕೂರುವರು. ಏನಾದರೂ ಕೇಳಿದರೆ, “ಅದು ಕಾಯಿ ಬಿಡತ್ತೇನಮ್ಮಾ?” ಎನ್ನುವರು. ಅಷ್ಟೇ ಮಾತು.

ತೆನೆ ಬಂತು. ಬೆಳಗಾಗುವಷ್ಟರಲ್ಲಿ ಅದರ ತುದಿ ಇರಲಿಲ್ಲ. ಬೆಕ್ಕು ಕಚ್ಚಿರಬೇಕು ಎಂದರು ಅತ್ತೆ. ಮತ್ತೊಂದು ತೆನೆ ಬಂತು, ಅದೂ ಹೋಯಿತು. ನಾನು ಬಗ್ಗಿ ನೋಡಿದೆ. ಹಲ್ಲು ಕಚ್ಚಿದ್ದಕ್ಕೂ ಕತ್ತರಿ ಆಡಿದ್ದಕ್ಕೂ ವ್ಯತ್ಯಾಸ ತಿಳಿಯದಿದ್ದರೆ ನಾನು ಹೊಲಿಗೆಯನ್ನೇ ಬಿಡಬೇಕು. “ನಿಮ್ಮನೆ ಬೆಕ್ಕಿಗೆ ಕತ್ತರಿ ಹಿಡಿಯಕ್ಕೂ ಬರತ್ತಾ?” ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ. ಅವಳು ಬೂಟನ್ನು ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಒಯ್ದಳು. ಮುಂದಿನ ತೆನೆ ಅಲ್ಲಿ, ಅವಳ ಮೇಜಿನ ಮೇಲೆ, ನಿಧಾನವಾಗಿ ಬಲಿಯಿತು.

ಒಂದು ಮಧ್ಯಾಹ್ನ “ಮನೆಗೆ ಬಾ” ಎಂದು ಫೋನು ಬಂತು. ನಾನು ಹೋದಾಗ ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂತಿದ್ದರು, ಬೂಟು ನಡುವೆ ಇತ್ತು.

“ಕಾಯಿ ಮೂತಿ ಸೀಳಿ ಎರಡು ಹಲ್ಲಿನ ಹಾಗಿದೆ ಅತ್ತೆ,” ಎನ್ನುತ್ತಿದ್ದಳು ಅಕ್ಕ. “ಕೆರೇಲಿ ಈ ಜಾತಿ ಇಲ್ಲ. ನಾನು ಒಂದೇ ಕಡೆ ನೋಡಿರೋದು. ಮದುವೆಯಾಗಿ ಬಂದ ಹೊಸದ್ರಲ್ಲಿ, ನಮ್ಮ ಹಿತ್ತಲ ಹೊಂಡದಲ್ಲಿ.”

ಆ ಹೊಂಡ ಈಗಿಲ್ಲ. ಭಾವ ಕಾಣೆಯಾದ ವಾರವೇ ಮಾವ, ಸೊಳ್ಳೆ ಕಾಟ ಎಂದು ಹೇಳಿ, ಕಲ್ಲುಮಣ್ಣು ತುಂಬಿಸಿ ಅದನ್ನು ಮುಚ್ಚಿದ್ದರು. ಮೇಲೆ ಸಿಮೆಂಟು ಹಾಕಿಸಿ, ಸೊಸೆಗೆ ಅನುಕೂಲವಾಗಲಿ ಎಂದು ಬಟ್ಟೆ ಒಗೆಯುವ ಕಲ್ಲು ಕೂರಿಸಿದ್ದರು. ಗಂಡ ಹೋದ ಸಂಕಟದಲ್ಲಿದ್ದ ಅಕ್ಕ ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಅತ್ತೆ ಸುಳ್ಳು ಹೇಳಲಿಲ್ಲ. “ಅಪ್ಪ ಮಗನಿಗೆ ಮಾತಿಗೆ ಮಾತು ಬೆಳೀತು. ಇವರು ತಳ್ಳಿದ್ರು, ಒಂದೇ ಒಂದು ಸಲ. ತಲೆ ಕಲ್ಲಿಗೆ ಬಡಿದು ಹೊಂಡಕ್ಕೆ ಬಿದ್ದ, ಏಳಲಿಲ್ಲ. ಬೂಟು ನಾನೇ ಬಿಚ್ಚಿದೆ, ನಾನೇ ಕೆರೇ ಹತ್ರ ಇಟ್ಟುಬಂದೆ. ಮಗ ಹೋದ, ಗಂಡನೂ ಜೈಲಿಗೆ ಹೋದ್ರೆ ನಾನೇನು ಮಾಡ್ಲಿ?”

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಕ್ಕ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಅವಳು ಹಿತ್ತಲ ಕಡೆಗೇ ನೋಡುತ್ತಿದ್ದಳು. ಬೆಳಿಗ್ಗೆ ಅವಳೇ ಒಗೆದು ಹಾಕಿದ ಬಟ್ಟೆ ತಂತಿಯ ಮೇಲೆ ಇನ್ನೂ ಆರಿರಲಿಲ್ಲ.

“ಇಷ್ಟು ವರ್ಷ ದಿನಾ ಅಲ್ಲೇ ನಿಂತಿದ್ದೆನಲ್ಲ ಅತ್ತೆ, ಅವರ ಮೇಲೆ. ನೀವು ಇಲ್ಲಿಂದ ನೋಡ್ತಾ ಇದ್ರಿ.”

“ಹೂಂ,” ಎಂದರು ಅತ್ತೆ. “ಅವನು ಒಬ್ಬನೇ ಇಲ್ವಲ್ಲ ಅಂತ ಸಮಾಧಾನ ಆಗ್ತಿತ್ತಮ್ಮಾ.”

ಅಕ್ಕ ನನ್ನ ಕೈಗೆ ಫೋನು ಕೊಟ್ಟು ಹಿತ್ತಲಿಗೆ ಇಳಿದಳು. ಆ ಸಿಮೆಂಟಿನ ಮೇಲೆ ಕೂತು ಎರಡೂ ಅಂಗೈ ಊರಿದವಳು ಪೊಲೀಸರು ಬರುವವರೆಗೂ ಏಳಲಿಲ್ಲ.